ಭಾಷೆಗೆ ಧಣಿ ಬೇಕಿಲ್ಲ

ಪ್ರೋಗ್ರಾಮಿಂಗ್ ಭಾಷೆಯೊಂದನ್ನು ನಂಬಬೇಕಾದರೆ ಅದರ ಬೆನ್ನಿಗೆ ದೊಡ್ಡ ಕಂಪನಿ ಇರಬೇಕು ಎಂಬ ಮಾತು ಸಾಫ್ಟ್‌ವೇರ್ ಲೋಕದಲ್ಲಿ ಬೇರೂರಿಬಿಟ್ಟಿದೆ. ಹೊಸ ಪ್ರಾಜೆಕ್ಟಿಗೆ ಯಾವ ಭಾಷೆ ಎಂದು ತೀರ್ಮಾನಿಸುವ ಸಭೆಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಪಾಠದ ಕೋಣೆಗಳಲ್ಲಿ, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ಇದೇ ಅಳತೆಗೋಲು. ಗೋ ಭಾಷೆಗೆ ಗೂಗಲ್ ಇದೆ, ಸ್ವಿಫ್ಟ್‌ಗೆ ಆಪಲ್ ಇದೆ, ಸಿ ಶಾರ್ಪ್‌ಗೆ ಮೈಕ್ರೋಸಾಫ್ಟ್ ಇದೆ, ಆದ್ದರಿಂದ ಹೆದರಿಕೆಯಿಲ್ಲ. ದಿಕ್ಕುದೆಸೆಯಿಲ್ಲದ ಭಾಷೆ ಇವತ್ತಿದ್ದು ನಾಳೆ ಮಾಯವಾಗುವಂಥದ್ದು, ಅದರ ಗೊಡವೆ ಬೇಡ.

ಈ ನಂಬಿಕೆಗೆ ಇತಿಹಾಸದ ಆಧಾರವಿಲ್ಲ. ಕಳೆದ ಮೂರು ದಶಕಗಳಲ್ಲಿ ಸಂಕಟಕ್ಕೆ ಸಿಕ್ಕಿದ ಭಾಷೆಗಳನ್ನು ಉಳಿಸಿದ್ದು ಮೂರು ಸಂಗತಿಗಳು: ಕೊಟ್ಟ ಮೇಲೆ ವಾಪಸು ಕಿತ್ತುಕೊಳ್ಳಲಾಗದ ಮುಕ್ತ ಪರವಾನಗಿ, ಒಂದೇ ಕಚೇರಿಯೊಳಗೆ ಕೂಡಿಹಾಕದೆ ಹತ್ತಾರು ಕಡೆ ಹರಡಿದ ತಿಳಿವಳಿಕೆ, ಮತ್ತು ಕೊನೆಯ ತೀರ್ಮಾನ ಯಾರದು ಎಂಬುದನ್ನು ಮೊದಲೇ ಬರೆದಿಟ್ಟ ನಿಯಮ. ಒಂಟಿ ಕಂಪನಿಯ ಹಂಗಿನಲ್ಲಿ ಬೆಳೆಯುವ ಭಾಷೆಯಲ್ಲಿ ಈ ಮೂರೂ ಸೊರಗುತ್ತವೆ. ಅದರ ಜೊತೆಗೆ ಇನ್ನೊಂದು ಕೇಡೂ ಇದೆ. ಗೂಗಲ್ ನೋಡಿಕೊಳ್ಳುತ್ತದೆ, ಮೈಕ್ರೋಸಾಫ್ಟ್ ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ, ಅದೇ ಭಾಷೆಯಿಂದ ಅನ್ನ ಉಣ್ಣುವ ಸಾವಿರಾರು ಕಂಪನಿಗಳು ಕೈಕಟ್ಟಿ ಕೂರುತ್ತವೆ.

ಎರ್ಲಾಂಗ್‌ನ ಕಥೆ ನೋಡಬೇಕು. 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಸೇರಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ಕಟ್ಟಿದ ಭಾಷೆ ಅದು. ಅಸಂಖ್ಯ ಕರೆಗಳು ಒಟ್ಟೊಟ್ಟಿಗೆ ನಡೆಯಬೇಕು, ಒಂದು ಭಾಗ ಕೆಟ್ಟರೂ ಮಿಕ್ಕಿದ್ದು ನಿಲ್ಲಬಾರದು ಎಂಬ ಅಗತ್ಯದಿಂದಲೇ ಹುಟ್ಟಿದ್ದು. ಎರಿಕ್ಸನ್ನಿನ ಎಎಕ್ಸ್‌ಡಿ 301 ಸ್ವಿಚ್ಚಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಎರ್ಲಾಂಗ್ ಕೋಡ್ ಇತ್ತು. ಹೆತ್ತ ಮನೆಯೇ ದೊಡ್ಡ ಕಂಪನಿ, ಉತ್ಪನ್ನವೂ ಗೆದ್ದಿತ್ತು. ಆದರೂ 1998ರಲ್ಲಿ ಎರಿಕ್ಸನ್ನಿನ ರೇಡಿಯೊ ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬಳಸಕೂಡದೆಂದು ನಿಷೇಧ ಹಾಕಿತು. ಸ್ವಂತ ಭಾಷೆ ಸಾಕುವ ಗೋಜು ಕಂಪನಿಗೆ ಬೇಡ, ಲೋಕವೆಲ್ಲ ಬಳಸುವ ಭಾಷೆಯೇ ಸಾಕು ಎಂಬುದು ಆಡಳಿತದ ವಾದ. ಅದೇ ಡಿಸೆಂಬರಿನಲ್ಲಿ ಎರ್ಲಾಂಗ್‌ನ ಕೋಡ್ ಮುಕ್ತ ಪರವಾನಗಿಯಡಿ ಹೊರಬಂತು. ತಂಡದ ಹಲವರು ಕೆಲಸ ಬಿಟ್ಟು ಬ್ಲೂಟೇಲ್ ಎಂಬ ಕಂಪನಿ ಕಟ್ಟಿದರು.

ಕೋಡ್ ಹೊರಬಂದಿದ್ದರಿಂದಲೇ ಭಾಷೆ ಬದುಕಿತು. ಮುಂದೆ ವಾಟ್ಸ್‌ಆ್ಯಪ್ ತನ್ನ ಸರ್ವರ್‌ಗಳನ್ನು ಎರ್ಲಾಂಗ್‌ನಲ್ಲಿ ಬರೆಯಿತು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿದಾಗ ಸುಮಾರು 45 ಕೋಟಿ ಜನ ಅದನ್ನು ಬಳಸುತ್ತಿದ್ದರು. ಅಷ್ಟನ್ನೂ ನಡೆಸುತ್ತಿದ್ದದ್ದು ಬೆರಳೆಣಿಕೆಯ ಎಂಜಿನಿಯರುಗಳು. ಎಲಿಕ್ಸಿರ್ ಎಂಬ ಹೊಸ ಭಾಷೆಯೇ ಎರ್ಲಾಂಗ್‌ನ ತಳಹದಿಯ ಮೇಲೆ ಎದ್ದಿತು. ಎರಿಕ್ಸನ್ ಕೂಡ ಮನಸ್ಸು ಬದಲಿಸಿ 2004ರಲ್ಲಿ ಆರ್ಮ್‌ಸ್ಟ್ರಾಂಗ್ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. 1998ರ ಡಿಸೆಂಬರಿನಲ್ಲಿ ಆ ಪರವಾನಗಿ ಸಿಗದೇ ಹೋಗಿದ್ದರೆ ಈ ಯಾವುದಕ್ಕೂ ದಾರಿಯಿರುತ್ತಿರಲಿಲ್ಲ.

ಪರವಾನಗಿ ಸಿಗದವರ ಪಾಡೇನೆಂಬುದನ್ನು ಭಾರತದ ಒಂದು ಇಡೀ ತಲೆಮಾರು ಕಂಡಿದೆ. ತೊಂಬತ್ತರ ದಶಕದಲ್ಲಿ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ತರಬೇತಿ ಸಂಸ್ಥೆಗಳ ಬೋರ್ಡುಗಳ ಮೇಲೆ ಫಾಕ್ಸ್‌ಪ್ರೊ ಮತ್ತು ವಿಷುವಲ್ ಬೇಸಿಕ್ ಹೆಸರುಗಳು ರಾರಾಜಿಸುತ್ತಿದ್ದವು. ಅಂಗಡಿ ಮುಂಗಟ್ಟುಗಳ ಲೆಕ್ಕ, ಸಂಬಳದ ಪಟ್ಟಿ, ದಾಸ್ತಾನು ಪುಸ್ತಕ ಎಲ್ಲ ಅವುಗಳಲ್ಲೇ. ಎರಡರ ಹಿಂದೆಯೂ ಇದ್ದದ್ದು ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿ. 1998ರಲ್ಲಿ ಬಂದ ವಿಷುವಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು. ಬದಲಿಗೆ ಬಂದ ವಿಷುವಲ್ ಬೇಸಿಕ್ ಡಾಟ್‌ನೆಟ್‌ಗೆ ಹಳೆಯ ಕೋಡ್ ಹಾಗೆಯೇ ಒಗ್ಗುತ್ತಿರಲಿಲ್ಲ. ಕಂಪನಿಯೇ ಗೌರವಿಸಿ ಬಿರುದು ಕೊಟ್ಟಿದ್ದ ಪರಿಣತರು 2005ರಲ್ಲಿ ಸಹಿ ಸಂಗ್ರಹಿಸಿ ಬೇಡಿಕೊಂಡರೂ ಫಲ ಸಿಗಲಿಲ್ಲ. ವಿಷುವಲ್ ಫಾಕ್ಸ್‌ಪ್ರೊಗೆ ಇನ್ನು ಹೊಸ ಆವೃತ್ತಿಯಿಲ್ಲವೆಂದು 2007ರಲ್ಲಿ ಘೋಷಣೆಯಾಯಿತು. ಕಂಪನಿ ಮುಳುಗಿರಲಿಲ್ಲ, ಲಾಭದಲ್ಲೇ ಇತ್ತು. ಅದರ ದಾರಿ ಬೇರೆಯಾಗಿತ್ತು, ಅಷ್ಟೆ. ಕೋಡ್ ಕೈಯಲ್ಲಿಲ್ಲದ ಬಳಕೆದಾರರಿಗೆ ಬೇರೆ ದಾರಿ ಹಿಡಿಯುವ ಹಕ್ಕೇ ಇರಲಿಲ್ಲ.

ಮುಕ್ತ ಪರವಾನಗಿ ಇದ್ದರಷ್ಟೇ ಸಾಲದು, ತಿಳಿವಳಿಕೆಯೂ ಹರಡಿರಬೇಕು ಎಂಬುದಕ್ಕೆ ರಸ್ಟ್ ಸಾಕ್ಷಿ. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಶುರುಮಾಡಿದ ಈ ಭಾಷೆಯನ್ನು ಅವರು ಕೆಲಸ ಮಾಡುತ್ತಿದ್ದ ಮೊಜಿಲ್ಲಾ 2009ರಿಂದ ಪೋಷಿಸಿತು. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂತು. ಹೊರಗಿನವರ ಕಣ್ಣಿಗೆ ರಸ್ಟ್ ಅಂದರೆ ಮೊಜಿಲ್ಲಾ. 2020ರ ಆಗಸ್ಟ್ 11ರಂದು ಮೊಜಿಲ್ಲಾ ಸುಮಾರು 250 ಜನರನ್ನು ಮನೆಗೆ ಕಳುಹಿಸಿತು. ಅವರಲ್ಲಿ ರಸ್ಟ್‌ಗಾಗಿ ದುಡಿಯುತ್ತಿದ್ದವರೂ ಇದ್ದರು. ಭಾಷೆ ಮುಗಿಯಿತೆಂದು ಹಲವರು ಗಾಬರಿಗೊಂಡರು.

ಆದರೆ ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಎಂಬ ರಸ್ಟ್‌ನ ವಾಡಿಕೆ ತಪ್ಪಲಿಲ್ಲ. ಆಗಸ್ಟ್ 27ಕ್ಕೆ 1.46, ಅಕ್ಟೋಬರ್ 8ಕ್ಕೆ 1.47 ಹೊರಬಂದವು. ಕಂಪೈಲರ್ ತಂಡ, ಭಾಷಾ ತಂಡ, ಲೈಬ್ರರಿ ತಂಡ ಎಂದು ಕೆಲಸ ಮೊದಲೇ ಹಂಚಿಹೋಗಿತ್ತು. ಆ ತಂಡಗಳಲ್ಲಿದ್ದವರಲ್ಲಿ ಬಹುಪಾಲು ಜನ ಮೊಜಿಲ್ಲಾದವರಾಗಿರಲಿಲ್ಲ. ಮೊಜಿಲ್ಲಾ ಬಳಿ ಉಳಿದಿದ್ದದ್ದು ಹೆಸರಿನ ಟ್ರೇಡ್‌ಮಾರ್ಕ್, ಡೊಮೈನ್‌ಗಳಂಥ ಆಸ್ತಿ. 2021ರ ಫೆಬ್ರುವರಿಯಲ್ಲಿ ರಸ್ಟ್ ಫೌಂಡೇಶನ್ ಹುಟ್ಟಿ ಅವೆಲ್ಲವೂ ಅದರ ಸುಪರ್ದಿಗೆ ಹೋದವು. ಎಡಬ್ಲ್ಯುಎಸ್, ಗೂಗಲ್, ಹುವಾವೇ, ಮೈಕ್ರೋಸಾಫ್ಟ್ ಮತ್ತು ಮೊಜಿಲ್ಲಾ ಸ್ಥಾಪಕ ಸದಸ್ಯರಾದವು. 2022ರ ಕೊನೆಗೆ ಲಿನಕ್ಸ್ ಕರ್ನೆಲ್ 6.1ರೊಳಗೆ ರಸ್ಟ್ ಕಾಲಿಟ್ಟಿತು. ಧಣಿ ಕೈಬಿಟ್ಟ ಎರಡೇ ವರ್ಷಗಳಲ್ಲಿ ಭಾಷೆ ಹಿಂದೆಂದಿಗಿಂತ ಗಟ್ಟಿಯಾಗಿತ್ತು.

ಇನ್ನೂ ಹತ್ತಿರದ ಉದಾಹರಣೆ ಪೈಥಾನ್. ಅದರ ಕರ್ತೃ ಗೈಡೊ ವಾನ್ ರೋಸಮ್ 2020ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸೇರಿದರು. ಪೈಥಾನ್ ನಿಧಾನ ಎಂಬ ಹಳೆಯ ದೂರನ್ನು ನಿವಾರಿಸಲು ಕಂಪನಿ ಒಂದು ತಂಡವನ್ನೇ ಕಟ್ಟಿತು. 2022ರ ಅಕ್ಟೋಬರಿನಲ್ಲಿ ಬಂದ 3.11 ಆವೃತ್ತಿ ಹಿಂದಿನದಕ್ಕಿಂತ ಸರಾಸರಿ ಶೇ 25ರಷ್ಟು ವೇಗವಾಯಿತು. ಅದರಲ್ಲಿ ಈ ತಂಡದ ಪಾಲು ದೊಡ್ಡದು. ಇದನ್ನು ತೋರಿಸಿ ಪೈಥಾನ್‌ಗೆ ಕೊನೆಗೂ ಒಬ್ಬ ದೊರೆ ಸಿಕ್ಕ ಎಂದವರಿದ್ದರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸುಮಾರು 6,000 ಜನರನ್ನು ತೆಗೆದಾಗ ಆ ವೇಗದ ಯೋಜನೆಗೂ ಬೆಂಬಲ ನಿಂತಿತು. ಅದರ ತಾಂತ್ರಿಕ ಮುಂದಾಳು ಸೇರಿ ಪೈಥಾನ್‌ನ ಹಿರಿಯ ಅಭಿವರ್ಧಕರೇ ಕೆಲಸ ಕಳೆದುಕೊಂಡರು. ಅದಕ್ಕೂ ಒಂದು ವರ್ಷ ಮೊದಲು, 2024ರ ಏಪ್ರಿಲ್‌ನಲ್ಲಿ, ಗೂಗಲ್ ಅಮೆರಿಕದಲ್ಲಿದ್ದ ತನ್ನ ಪೈಥಾನ್ ತಂಡವನ್ನು ಕಳುಹಿಸಿಬಿಟ್ಟಿತ್ತು.

ಎರಡೂ ಕಂಪನಿಗಳು ಆಗ ಭಾರಿ ಲಾಭದಲ್ಲಿದ್ದವು. ಎರಡೂ ತಮ್ಮ ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಪೈಥಾನ್ ಅನ್ನೇ ನೆಚ್ಚಿಕೊಂಡಿವೆ. ಅಷ್ಟಿದ್ದೂ ತಂಡಗಳು ಹೋದವು.

ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಕಂಪನಿ ಷೇರುದಾರರಿಗೆ ಉತ್ತರ ಕೊಡಬೇಕು. ಭಾಷೆ ಇಪ್ಪತ್ತು ಮೂವತ್ತು ವರ್ಷ ಬಾಳಬೇಕು. ಮೂರು ತಿಂಗಳ ಲೆಕ್ಕಪತ್ರಕ್ಕೆ ಬದ್ಧವಾದ ಸಂಸ್ಥೆಯ ಕೈಯಲ್ಲಿ ಮೂವತ್ತು ವರ್ಷದ ಹೊಣೆ ಇಡುವುದೇ ತಪ್ಪು. ಪೈಥಾನ್ ಈ ಏಟನ್ನು ತಾಳಿಕೊಂಡಿತು, 2025ರ ಅಕ್ಟೋಬರಿನಲ್ಲಿ 3.14 ಆವೃತ್ತಿಯೂ ಬಂತು. ಕಾರಣ, ಅದರ ಹೊಣೆ ಯಾವ ಕಂಪನಿಯ ಕೈಯಲ್ಲೂ ಇರಲಿಲ್ಲ. 2001ರಿಂದ ಅದಕ್ಕೆ ಲಾಭರಹಿತ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಇದೆ. 2018ರ ಜುಲೈನಲ್ಲಿ ಗೈಡೊ ಮುಂದಾಳುತನ ಬಿಟ್ಟ ಮೇಲೆ ಅಭಿವರ್ಧಕರು ಐದು ಜನರ ಚುನಾಯಿತ ಮಂಡಳಿಯನ್ನು ಮಾಡಿಕೊಂಡರು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಆ ಮಂಡಳಿಯಲ್ಲಿ ಇರಕೂಡದು ಎಂಬ ನಿಯಮವನ್ನೂ ಬರೆದಿಟ್ಟರು. ಪೈಥಾನ್‌ಗೆ ಕೋಟಿಗಟ್ಟಲೆ ದೇಣಿಗೆಗಿಂತ ದೊಡ್ಡ ರಕ್ಷಣೆ ಈ ಒಂದು ಸಾಲು.

ದೊಡ್ಡ ಕಂಪನಿ ಇದ್ದರೆ ಸ್ಥಿರತೆ ಎನ್ನುವವರು ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು: ಆ ಸ್ಥಿರತೆ ಯಾರ ಅನುಕೂಲಕ್ಕೆ? 2021ರ ಅಕ್ಟೋಬರಿನಲ್ಲಿ, ಸಿ ಶಾರ್ಪ್‌ನ ನೆಲೆಯಾದ ಡಾಟ್‌ನೆಟ್‌ನ 6ನೇ ಆವೃತ್ತಿಯ ಬಿಡುಗಡೆಗೆ ಕೆಲವೇ ವಾರಗಳಿದ್ದಾಗ, ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡ್ ಬದಲಿಸುವ ಹಾಟ್ ರಿಲೋಡ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ಉಚಿತ ಕಮಾಂಡ್‌ಲೈನ್ ಸಾಧನದಿಂದ ಕಿತ್ತುಹಾಕಿತು. ತನ್ನ ವಿಷುವಲ್ ಸ್ಟುಡಿಯೊ 2022ರಲ್ಲಿ ಮಾತ್ರ ಅದನ್ನು ಉಳಿಸಿಕೊಳ್ಳುವ ಯೋಚನೆ. ಡಾಟ್‌ನೆಟ್ ಮುಕ್ತವಾಗಿ ಆಗಲೇ ಏಳು ವರ್ಷವಾಗಿತ್ತು, ಅದಕ್ಕೂ ಒಂದು ಫೌಂಡೇಶನ್ ಇತ್ತು. ಆದರೂ ಬಳಕೆದಾರರನ್ನು ಯಾರೂ ಕೇಳಲಿಲ್ಲ. ಅಭಿವರ್ಧಕರು ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಸೌಲಭ್ಯವನ್ನು ಮರಳಿಸಿತು. ಸ್ವಿಫ್ಟ್‌ನಲ್ಲಿ ಹೊಸ ಅಂಶ ಸೇರಬೇಕಾದರೆ ಬಹಿರಂಗ ಚರ್ಚೆ ನಡೆಯಬೇಕೆಂಬ ಪದ್ಧತಿಯಿದೆ. ಆದರೆ 2019ರಲ್ಲಿ ಆಪಲ್ ತನ್ನ ಸ್ವಿಫ್ಟ್‌ಯುಐಗೆ ಬೇಕಾದ ಫಂಕ್ಷನ್ ಬಿಲ್ಡರ್ ಎಂಬ ಅಂಶವನ್ನು ಮೊದಲು ಕಂಪೈಲರ್‌ಗೆ ಸೇರಿಸಿತು. ವಿಧಿವತ್ತಾದ ಒಪ್ಪಿಗೆ ಸಿಕ್ಕಿದ್ದು ಆಮೇಲೆ. ಆ ಅಂಶ ಒಳ್ಳೆಯದೇ ಇರಬಹುದು. ತೀರ್ಮಾನ ಆದ ಮೇಲೆ ನಡೆಸುವ ಚರ್ಚೆಗೆ ಮಾತ್ರ ಬೆಲೆಯಿಲ್ಲ.

ಧಣಿ ಬದಲಾದರೆ ಏನಾಗುತ್ತದೆ ಎಂಬುದು ಜಾವಾ ಬಳಸುವ ಪ್ರತಿಯೊಬ್ಬರಿಗೂ ಗೊತ್ತು. 2010ರ ಜನವರಿಯಲ್ಲಿ, ಜಾವಾ ಕಟ್ಟಿದ ಸನ್ ಕಂಪನಿ ಒರಾಕಲ್‌ನ ಪಾಲಾಯಿತು. ಏಳೇ ತಿಂಗಳಲ್ಲಿ ಒರಾಕಲ್ ಆ್ಯಂಡ್ರಾಯ್ಡ್ ವಿಷಯದಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ಅದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 2021ರ ಏಪ್ರಿಲ್‌ನಲ್ಲಿ ಗೂಗಲ್ ಪರವಾಗಿ ಇತ್ಯರ್ಥವಾಯಿತು. ಜಾವಾ ತೀರ್ಮಾನಗಳ ಸಮಿತಿಯಿಂದ ಅಪಾಚೆ ಫೌಂಡೇಶನ್ 2010ರಲ್ಲೇ ಹೊರನಡೆಯಿತು. 2023ರ ಜನವರಿಯಿಂದ ಒರಾಕಲ್‌ನ ಜಾವಾ ಚಂದಾಕ್ಕೆ ಕಂಪನಿಯ ಅಷ್ಟೂ ನೌಕರರ ತಲೆ ಎಣಿಸುವ ಪದ್ಧತಿ ಬಂತು, ಜಾವಾ ಮುಟ್ಟದ ನೌಕರರೂ ಆ ಲೆಕ್ಕದಲ್ಲಿ ಸೇರಿದರು. ಅನೇಕ ಸಂಸ್ಥೆಗಳು ಈ ಹೊರೆಯಿಂದ ಪಾರಾದದ್ದು ಸನ್ 2006 ಮತ್ತು 2007ರಲ್ಲಿ ಜಾವಾದ ಕೋಡ್ ಅನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಟ್ಟಿದ್ದರಿಂದ. ಓಪನ್‌ಜೆಡಿಕೆ ಎಂಬ ಹೆಸರಿನ ಅದೇ ಕೋಡ್‌ನಿಂದ ಅಮೆಜಾನ್ ಕೊರೆಟ್ಟೊ, ಎಕ್ಲಿಪ್ಸ್ ಟೆಮುರಿನ್‌ನಂಥ ಉಚಿತ ಆವೃತ್ತಿಗಳು ಹುಟ್ಟಿದವು. ಓಪನ್‌ಜೆಡಿಕೆಗೆ ಇವತ್ತಿಗೂ ಅತಿ ಹೆಚ್ಚು ಕೆಲಸ ಮಾಡುವುದು ಒರಾಕಲ್ಲೇ, ಅದನ್ನು ಮರೆಯುವಂತಿಲ್ಲ. ಆದರೆ ಬಳಕೆದಾರರಿಗೆ ಧೈರ್ಯ ಕೊಟ್ಟದ್ದು ಒರಾಕಲ್ ಇದೆ ಎಂಬ ಭಾವನೆಯಲ್ಲ, ಒರಾಕಲ್ ಇಲ್ಲದೆಯೂ ನಡೆಯುತ್ತದೆ ಎಂಬ ಖಾತರಿ.

ಆ ಖಾತರಿಯ ಬಲ ಎಷ್ಟೆಂಬುದನ್ನು ನೋಡ್ ಜೆಎಸ್ ತೋರಿಸಿತು. ಅದು ಭಾಷೆಯಲ್ಲ, ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ವ್ಯವಸ್ಥೆ. ಪಾಠ ಮಾತ್ರ ಒಂದೇ. ಜಾಯೆಂಟ್ ಕಂಪನಿಯ ಹಿಡಿತದಲ್ಲಿ ಬೆಳವಣಿಗೆ ಕುಂಟಿದಾಗ ಮುಖ್ಯ ಅಭಿವರ್ಧಕರು 2014ರ ಡಿಸೆಂಬರಿನಲ್ಲಿ ಕೋಡ್ ಕವಲೊಡೆದು ಐಒ ಜೆಎಸ್ ಎಂಬ ಹೆಸರಿನಲ್ಲಿ ಬೇರೆಯಾದರು. ಮರುವರ್ಷ ತಟಸ್ಥ ಫೌಂಡೇಶನ್ ಸ್ಥಾಪನೆಯಾಯಿತು, ಸೆಪ್ಟೆಂಬರಿನ ನೋಡ್ 4.0 ಆವೃತ್ತಿಯಲ್ಲಿ ಎರಡೂ ಕವಲು ಕೂಡಿದವು.

ಕಂಪನಿಗಳಿಲ್ಲದಿದ್ದರೆ ಭಾಷೆಗಳೇ ಹುಟ್ಟುತ್ತಿರಲಿಲ್ಲ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಪೈಥಾನ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐಯಲ್ಲಿ. ಅಂಕಿಅಂಶ ಶಾಸ್ತ್ರದ ಮನೆಮಾತಾದ ಆರ್ ಭಾಷೆಯನ್ನು ಕಟ್ಟಿದವರು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್. ಇವತ್ತು ಅದರ ಹೊಣೆ ವಿಯೆನ್ನಾದಲ್ಲಿ ನೆಲೆಯಿರುವ ಫೌಂಡೇಶನ್ ಮತ್ತು ಒಂದು ಪುಟ್ಟ ತಂಡದ್ದು. ಔಷಧಗಳ ಪರೀಕ್ಷೆಯಿಂದ ಹಿಡಿದು ಸಾಂಕ್ರಾಮಿಕ ರೋಗಗಳ ಅಧ್ಯಯನದವರೆಗೆ ಜಗತ್ತು ನಂಬಿರುವ ಈ ಭಾಷೆಗೆ ಧಣಿಯೆಂದು ಬೆರಳು ಮಾಡಿ ತೋರಿಸಬಹುದಾದ ಕಂಪನಿಯೇ ಇಲ್ಲ.

ಹಾಗಾದರೆ ಕಂಪನಿಗಳ ಹಣ ಬೇಡವೇ? ಬೇಕೇ ಬೇಕು. ಹೊಸ ಅಂಶ ಬರೆಯಲು ಉತ್ಸಾಹಿಗಳು ಸಿಗುತ್ತಾರೆ. ಆದರೆ ವರ್ಷಗಟ್ಟಲೆ ದೋಷ ಸರಿಪಡಿಸುವುದು, ಭದ್ರತೆಯ ಲೋಪಗಳಿಗೆ ರಾತ್ರೋರಾತ್ರಿ ಉತ್ತರಿಸುವುದು, ಹಳೆಯ ಕೋಡ್ ಮುರಿಯದಂತೆ ಕಾಯುವುದು ಸಂಬಳವಿಲ್ಲದೆ ನಡೆಯುವ ಕೆಲಸವಲ್ಲ. ರೂಬಿ ಭಾಷೆಯ ವೇಗ ಹೆಚ್ಚಿಸಿದ ವೈಜಿಟ್ ಕಂಪೈಲರ್ ಅನ್ನು ಕಟ್ಟಿದ್ದು ಶಾಪಿಫೈನ ಎಂಜಿನಿಯರುಗಳು. ಅದರ ಫಲ ಎಲ್ಲ ರೂಬಿ ಬಳಕೆದಾರರಿಗೂ ಸಿಕ್ಕಿತು. ಇಲ್ಲಿ ಆಕ್ಷೇಪವಿರುವುದು ಹಣದ ಬಗ್ಗೆ ಅಲ್ಲ. ಹಣ ಒಂದೇ ಜೇಬಿನಿಂದ ಬರುವುದರ ಬಗ್ಗೆ, ಹಣದ ಹಿಂದೆಯೇ ಯಜಮಾನಿಕೆ ಬರುವುದರ ಬಗ್ಗೆ, ಕೊಡುವವರು ಅದನ್ನು ಉಪಕಾರವೆಂದು ಭಾವಿಸುವುದರ ಬಗ್ಗೆ.

ಊರ ಕೆರೆಯ ನೀರು ಗದ್ದೆಗೆ ಹಾಯಿಸಿಕೊಳ್ಳುವ ರೈತ ಹೂಳೆತ್ತಲು ಗುದ್ದಲಿ ಹಿಡಿದು ಬಂದರೆ ಅವನನ್ನು ದಾನಿ ಎಂದು ಯಾರೂ ಸನ್ಮಾನಿಸುವುದಿಲ್ಲ. ಅದು ಅವನ ಪಾಲಿನ ಕೆಲಸ. ಪಿಎಚ್‌ಪಿ ಮೇಲೆ ವ್ಯಾಪಾರ ನಡೆಸುವ, ಪೈಥಾನ್ ಮೇಲೆ ಮಾದರಿಗಳನ್ನು ತರಬೇತುಗೊಳಿಸುವ ಕಂಪನಿಯೂ ಅಷ್ಟೇ: ಅದು ಕೊಡುವ ಹಣ ತಾನು ಬಳಸಿದ್ದಕ್ಕೆ ತೆರುವ ಬೆಲೆ. ಅದಕ್ಕೆ ಪ್ರತಿಯಾಗಿ ಭಾಷೆಯ ದಿಕ್ಕು ನಿರ್ಧರಿಸುವ ಹಕ್ಕು ಕೇಳುವಂತಿಲ್ಲ.

ಪಿಎಚ್‌ಪಿ ಈ ವಿಷಯದಲ್ಲಿ ಅನುಕರಿಸಬೇಕಾದ ದಾರಿ ತೋರಿಸಿದೆ. ಜಗತ್ತಿನ ಶೇ 40ಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಹೊತ್ತಿರುವ ವರ್ಡ್‌ಪ್ರೆಸ್ ನಿಂತಿರುವುದು ಪಿಎಚ್‌ಪಿ ಮೇಲೆ. ಅಂಥ ಭಾಷೆಯ ಒಳಗುಟ್ಟು ಪೂರ್ತಿ ಬಲ್ಲವರು ತೀರ ಕೆಲವರು. ಅವರಲ್ಲಿ ಪ್ರಮುಖರಾದ ನಿಕಿತಾ ಪೊಪೊವ್ ಜೆಟ್‌ಬ್ರೇನ್ಸ್ ಕಂಪನಿಯ ಸಂಬಳದಲ್ಲಿ ಭಾಷೆಗಾಗಿ ದುಡಿಯುತ್ತಿದ್ದರು. 2021ರ ಕೊನೆಯಲ್ಲಿ ಅವರು ಬೇರೆ ಕೆಲಸಕ್ಕೆ ಹೊರಟಾಗ ಇಷ್ಟು ದೊಡ್ಡ ಕಟ್ಟಡ ಎಷ್ಟು ಸಣ್ಣ ಕಂಬದ ಮೇಲಿತ್ತು ಎಂಬುದು ಎಲ್ಲರ ಅರಿವಿಗೆ ಬಂತು. ಅವರ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸಿ ಜೆಟ್‌ಬ್ರೇನ್ಸ್ ಕೈತೊಳೆದುಕೊಳ್ಳಬಹುದಿತ್ತು. ಅದರ ಬದಲು ಅದು ಆಟೊಮ್ಯಾಟಿಕ್, ಲಾರಾವೆಲ್, ಸಿಂಫನಿ, ಝೆಂಡ್ ಮುಂತಾದವುಗಳ ಜೊತೆ ಸೇರಿ 2021ರ ನವೆಂಬರ್ 22ರಂದು ಪಿಎಚ್‌ಪಿ ಫೌಂಡೇಶನ್ ಘೋಷಿಸಿತು. ವರ್ಷಕ್ಕೆ ಒಂದು ಲಕ್ಷ ಡಾಲರ್ ಕೊಡುವುದಾಗಿ ಮಾತು ಕೊಟ್ಟಿತು. ಸಂಬಳ ಕೊಡುವುದು ಫೌಂಡೇಶನ್. ಭಾಷೆಗೆ ಏನು ಸೇರಬೇಕು, ಏನು ಬೇಡ ಎಂಬುದು ಹಿಂದಿನಂತೆಯೇ ಅಭಿವರ್ಧಕರ ಮತಕ್ಕೆ ಬಿಟ್ಟದ್ದು. ಮುಂದೆ ಜರ್ಮನಿಯ ಸರ್ಕಾರಿ ಹಣದ ಸಾವರಿನ್ ಟೆಕ್ ಫಂಡ್ ಕೂಡ ಈ ಫೌಂಡೇಶನ್‌ಗೆ ನೆರವಾಯಿತು.

ಫೌಂಡೇಶನ್ ಎಂಬ ಫಲಕ ತೂಗುಹಾಕಿದರೆ ಎಲ್ಲ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ರಸ್ಟ್ ಫೌಂಡೇಶನ್ 2023ರ ಏಪ್ರಿಲ್‌ನಲ್ಲಿ ಮುಂದಿಟ್ಟ ಟ್ರೇಡ್‌ಮಾರ್ಕ್ ನೀತಿಯ ಕರಡು ಬಳಕೆದಾರರಿಗೆ ಉಸಿರುಗಟ್ಟಿಸುವಷ್ಟು ಬಿಗಿಯಾಗಿತ್ತು. ವಿರೋಧ ಬಂದ ಮೇಲೆ ಅದನ್ನು ತಿದ್ದಬೇಕಾಯಿತು. ಹೆಚ್ಚು ಹಣ ಕೊಟ್ಟವರಿಗೆ ಆಡಳಿತ ಮಂಡಳಿಯಲ್ಲಿ ಕುರ್ಚಿ ಎಂಬ ಪದ್ಧತಿ ಹಲವು ಕಡೆ ಇದೆ. ಅದಕ್ಕೇ ಪೈಥಾನ್ ಮಂಡಳಿಯ ಇಬ್ಬರ ಮಿತಿಯಂಥ ನಿಯಮಗಳು ಎಲ್ಲ ಭಾಷೆಗಳಿಗೂ ಬೇಕು. ಹೆಸರು ಮತ್ತು ಡೊಮೈನ್ ಕಂಪನಿಯ ಕೈಯಲ್ಲಿ ಉಳಿಯಬಾರದು. ಜಾವಾಸ್ಕ್ರಿಪ್ಟ್ ಎಂಬ ಹೆಸರಿನ ಟ್ರೇಡ್‌ಮಾರ್ಕ್ ಸನ್‌ನಿಂದ ಒರಾಕಲ್‌ಗೆ ಬಂದದ್ದು; ಅದನ್ನು ಬಿಡಿಸಲು ಡೀನೊ ಕಂಪನಿ 2024ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಮೆಟ್ಟಿಲೇರಬೇಕಾಯಿತು. ಪೋಷಣೆ ನಿಲ್ಲಿಸುವ ಕಂಪನಿ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಬೇಕು, ಆ ಅವಧಿಯ ಸಂಬಳವನ್ನು ಫೌಂಡೇಶನ್ ಬಳಿ ಇಟ್ಟು ಹೋಗಬೇಕು.

ಈ ಚರ್ಚೆಯಲ್ಲಿ ಬೆಂಗಳೂರು ದೂರದ ಪ್ರೇಕ್ಷಕನಲ್ಲ. ಜಾವಾ, ಪೈಥಾನ್, ಗೋ, ಜಾವಾಸ್ಕ್ರಿಪ್ಟ್ ಬಲ್ಲವರ ದುಡಿಮೆಯಿಂದಲೇ ನಗರದ ದೊಡ್ಡ ಸೇವಾ ಕಂಪನಿಗಳು, ಬಹುರಾಷ್ಟ್ರೀಯ ಸಂಸ್ಥೆಗಳ ಕೇಂದ್ರಗಳು, ನವೋದ್ಯಮಗಳು ಗಳಿಸುತ್ತವೆ. ಈ ಭಾಷೆಗಳ ಪಾಲನೆಗೆ ಅಲ್ಲಿಂದ ಹೋಗುವ ಪಾಲು ಆ ಗಳಿಕೆಯ ಎದುರು ಏನೇನೂ ಅಲ್ಲ. ಇದು ಬಡತನದ ಮಾತಲ್ಲ ಎಂಬುದಕ್ಕೆ ಪುರಾವೆ ಅದೇ ನಗರದಲ್ಲಿದೆ. 2024ರ ಅಕ್ಟೋಬರಿನಲ್ಲಿ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ ಫ್ಲಾಸ್ ಫಂಡ್ ಎಂಬ ನಿಧಿ ಘೋಷಿಸಿ, ಜಗತ್ತಿನ ಯಾವುದೇ ಮೂಲೆಯ ಮುಕ್ತ ತಂತ್ರಾಂಶಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಝೆರೋಧಾಗಿಂತ ಹಲವು ಪಟ್ಟು ದೊಡ್ಡ ಕಂಪನಿಗಳು ಅದೇ ಊರಿನಲ್ಲಿವೆ. ಅಮೆರಿಕದ ಯಾವುದೋ ಕಂಪನಿ ನೋಡಿಕೊಳ್ಳುತ್ತದೆ ಎಂದು ಅವು ಇನ್ನು ಸುಮ್ಮನಿರುವಂತಿಲ್ಲ, ಏಕೆಂದರೆ 2024 ಮತ್ತು 2025ರಲ್ಲಿ ಪೈಥಾನ್ ತಂಡಗಳನ್ನು ಕಳುಹಿಸಿದ್ದು ಅದೇ ಅಮೆರಿಕದ ಕಂಪನಿಗಳು.

ಆಗಬೇಕಾದ್ದು ಇಷ್ಟು. ಪ್ರತಿ ಸಾಫ್ಟ್‌ವೇರ್ ಕಂಪನಿ ತಾನು ಯಾವ ಭಾಷೆಗಳ ಮೇಲೆ ನಿಂತಿದೆ ಎಂಬ ಪಟ್ಟಿ ಮಾಡಿ, ಅವುಗಳ ಫೌಂಡೇಶನ್‌ಗಳಿಗೆ ಪ್ರತಿ ವರ್ಷ ಕೊಡುವ ಮೊತ್ತವನ್ನು ಬಜೆಟ್ಟಿನಲ್ಲಿ ಕ್ಲೌಡ್ ಬಾಡಿಗೆಯ ಪಕ್ಕದಲ್ಲೇ ಖರ್ಚಿನ ಬಾಬತ್ತಾಗಿ ಬರೆಯಬೇಕು. ದಾನಧರ್ಮದ ತಲೆಬರಹದಡಿ ಅಲ್ಲ. ಭಾಷೆಯ ಕಂಪೈಲರ್‌ಗೆ, ಲೈಬ್ರರಿಗೆ, ಕೈಪಿಡಿಗೆ ಕೆಲಸ ಮಾಡಬಲ್ಲ ಒಬ್ಬಿಬ್ಬರು ಎಂಜಿನಿಯರುಗಳ ಸಮಯವನ್ನು ಅದಕ್ಕೆಂದೇ ಬಿಟ್ಟುಕೊಡಬೇಕು. ಅವರು ಏನು ಮಾಡಬೇಕೆಂಬುದನ್ನು ಭಾಷೆಯ ತಂಡ ಹೇಳಲಿ, ಕಂಪನಿಯ ಮ್ಯಾನೇಜರ್ ಬೇಡ. ಸಾವಿರ ಕಂಪನಿಗಳು ಹೀಗೆ ಒಂದೊಂದು ಪಾಲು ಕೊಟ್ಟರೆ ಮೈಕ್ರೋಸಾಫ್ಟ್ ಅಥವಾ ಗೂಗಲ್ ಮುಂದಿನ ಬಾರಿ ತಂಡವೊಂದನ್ನು ಮುಚ್ಚಿದ ದಿನವೂ ಆ ಎಂಜಿನಿಯರುಗಳಿಗೆ ಫೌಂಡೇಶನ್ ಮರುದಿನವೇ ಕೆಲಸ ಕೊಡಬಲ್ಲದು.